ಫೋನಕ್ಕನ ಹದಿಮೂರು ಟ್ಯಾಬ್

ಆ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರಿಗೂ ಅವಳು ಫೋನಕ್ಕ. ಲಿಫ್ಟಿನ ಪಕ್ಕದ ಸಣ್ಣ ಕೋಣೆಯಲ್ಲಿ ಹದಿನಾಲ್ಕು ವರ್ಷದಿಂದ ಕೂತು, ಫೋನಿನಲ್ಲಿ ರೋಗಿಗಳಿಗೆ ಡಾಕ್ಟರ ಸಮಯ ಗೊತ್ತು ಮಾಡಿಕೊಡುವುದು ಅವಳ ಕೆಲಸ. ಹುಟ್ಟುಕುರುಡಿ. ಇದನ್ನು ಸುತ್ತಿ ಬಳಸಿ ಹೇಳುವವರನ್ನು ಕಂಡರೆ ಅವಳಿಗೆ ಆಗದು, ಹಾಗಾಗಿ ಇಲ್ಲೂ ಬಿಚ್ಚಿಯೇ ಹೇಳಿದ್ದು.

ಕಂಪ್ಯೂಟರಿನ ಪರದೆಯ ಮೇಲಿದ್ದುದನ್ನೆಲ್ಲ ಸ್ಕ್ರೀನ್ ರೀಡರ್ ಅವಳ ಕಿವಿಗೆ ಓದಿ ಹೇಳುತ್ತಿತ್ತು. ಓದುವ ವೇಗವೋ, ದೇವರೇ ಗತಿ. ಅವಳ ಹೆಡ್‌ಫೋನನ್ನು ಬೇರೆ ಯಾರಾದರೂ ಹಾಕಿಕೊಂಡರೆ "ಇದ್ಯಾವ ಭಾಷೆ ಫೋನಕ್ಕಾ?" ಎಂದು ಕೇಳಲೇಬೇಕು. ಆ ಪ್ರಶ್ನೆ ಕೇಳಿಸಿಕೊಳ್ಳಲೆಂದೇ ಅವಳು ಆಗಾಗ ಹೆಡ್‌ಫೋನ್ ತೆಗೆದು ಬಂದವರ ಕೈಗೆ ಕೊಡುತ್ತಿದ್ದುದೂ ಉಂಟು.

ಕಣ್ಣಿಲ್ಲದವರಿಗೆ ಮೌಸು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಟ್ಯಾಬ್ ಕೀಲಿ ಒತ್ತಿ ಒತ್ತಿ ಒಂದು ಬಟನ್ನಿನಿಂದ ಇನ್ನೊಂದಕ್ಕೆ ಹೋಗಬೇಕು. ಫೋನಕ್ಕ ಅದನ್ನೆಲ್ಲ ಎಣಿಸಿ ಬಾಯಿಪಾಠ ಮಾಡಿಟ್ಟಿದ್ದಳು. ಬ್ರೌಸರಿನ ವಿಳಾಸದ ಪಟ್ಟಿಯಿಂದ ಹನ್ನೊಂದು ಸಲ ಟ್ಯಾಬ್ ಒತ್ತಿದರೆ 'ಖಚಿತಪಡಿಸು' ಎಂಬ ಬಟನ್ನು. ಅಲ್ಲಿ ಒಂದು ಎಂಟರ್. 'ಖಂಡಿತವೇ?' ಎಂದು ಕಂಪ್ಯೂಟರ್ ಕೇಳುತ್ತದೆ, ಇನ್ನೊಂದು ಎಂಟರ್. ಆ ಧ್ವನಿ ಬಾಯಿ ತೆರೆಯುವ ಮೊದಲೇ ಅವಳ ಬೆರಳು ಕೆಲಸ ಮುಗಿಸಿರುತ್ತಿತ್ತು. ಈ ಲೆಕ್ಕ ತಪ್ಪಬಾರದೆಂದು ಬ್ರೌಸರಿನ ಹೊಸ ಆವೃತ್ತಿಗಳನ್ನು ಹತ್ತಿರ ಸುಳಿಯಲು ಬಿಟ್ಟಿರಲಿಲ್ಲ. ರಿಪೇರಿಯವನನ್ನು ಹಿಡಿದು ಅಪ್‌ಡೇಟೇ ಆಗದಂತೆ ಮಾಡಿಸಿಕೊಂಡಿದ್ದಳು.

ಹೀಗೆ ನೆಮ್ಮದಿಯಾಗಿದ್ದವಳ ಪಕ್ಕಕ್ಕೆ ಒಂದು ದಿನ ಡ್ರೈವರು ಬಂದು ಕೂತ.

ಇಪ್ಪತ್ತಾರು ವರ್ಷ ಬಸ್ಸು ಓಡಿಸಿದವನು. ಸಕ್ಕರೆ ಕಾಯಿಲೆ ಎರಡೂ ಕಣ್ಣು ತಿಂದು ನಾಲ್ಕು ವರ್ಷವಾಗಿತ್ತು. ಫೋನಕ್ಕನಿಗಿಂತ ಹತ್ತು ವರ್ಷ ದೊಡ್ಡವನಾದರೂ ಬಂದ ದಿನವೇ "ಅಕ್ಕಾ" ಎಂದು ಶುರು ಮಾಡಿದ. ಅಲ್ಲಿಂದಲೇ ಅವಳಿಗೆ ಉರಿ ಹತ್ತಿದ್ದು. ಅವನ ಸ್ಕ್ರೀನ್ ರೀಡರ್ ನಿಧಾನವಾಗಿ, ಮಕ್ಕಳಿಗೆ ಪಾಠ ಹೇಳಿದ ಹಾಗೆ ಓದುತ್ತಿತ್ತು. ಅದನ್ನು ಕೇಳಿ ಮೊದಲ ವಾರ ಅವಳು ಒಳಗೊಳಗೇ ನಕ್ಕಳು. ಎರಡನೆಯ ವಾರ ನಗು ನಿಂತಿತು. ಅವಳು ಎರಡು ಫೋನು ಮುಗಿಸುವಷ್ಟರಲ್ಲಿ ಅವನದು ಮೂರು ಮುಗಿಯುತ್ತಿತ್ತು. ಅವನು ಎಣಿಸುತ್ತಲೇ ಇರಲಿಲ್ಲ. ಎಚ್ ಕೀಲಿ ಒತ್ತಿ ತಲೆಬರಹದಿಂದ ತಲೆಬರಹಕ್ಕೆ, ಬಿ ಕೀಲಿ ಒತ್ತಿ ಬಟನ್ನಿನಿಂದ ಬಟನ್ನಿಗೆ ಜಿಗಿದು, ಏನು ಬಂತು ಎಂದು ಪೂರ್ತಿ ಕೇಳಿಸಿಕೊಂಡು ಎಂಟರ್ ಒತ್ತುತ್ತಿದ್ದ. ಬ್ರೌಸರಿನ ಹೊಸ ಆವೃತ್ತಿ ಬಂತೆಂದರೆ ಹೊಸ ಬಸ್ಸು ಕೈಗೆ ಸಿಕ್ಕಷ್ಟು ಖುಷಿ ಅವನಿಗೆ.

ನರ್ಸುಗಳು ಈಗ ಅವನ ಮೇಜಿನ ಹತ್ತಿರ ನಿಂತು ಹರಟತೊಡಗಿದರು. ಸೂರ್ಯ ಮುಳುಗುವಾಗ ಘಾಟಿಯ ರಸ್ತೆ ಹೇಗೆ ಕೆಂಪಗಾಗುತ್ತದೆ ಎಂದು ಅವನು ಹೇಳಿದರೆ ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳುವರು. ಫೋನಕ್ಕ ಕೆಮ್ಮಿ, ಫೈಲು ಬಡಿದು, ಕುರ್ಚಿ ಎಳೆದು ಸದ್ದು ಮಾಡುವಳು. ಕೆಂಪು ಅಂದರೇನೆಂದು ಅವಳಿಗೆ ಈ ಜನ್ಮದಲ್ಲಿ ಯಾರೂ ಹೇಳಿ ತಿಳಿಸಲಾರರು. ಅವನು ಅದನ್ನು ಮೂಟೆಗಟ್ಟಲೆ ತಲೆಯಲ್ಲಿಟ್ಟುಕೊಂಡು ಬಂದಿದ್ದ.

ಆಗ ಸೂಪರಿಂಟೆಂಡೆಂಟ್ ಮೇಡಂ ಒಂದು ಸುದ್ದಿ ತಂದರು. ಹೊಸ ಕಟ್ಟಡಕ್ಕೆ ಕಣ್ಣಿಲ್ಲದ ಆರು ಜನ ಫೋನಿನ ಕೆಲಸಕ್ಕೆ ಬರುತ್ತಾರೆ. ಅವರಿಗೆ ಕಲಿಸಲು ಇಬ್ಬರಲ್ಲಿ ಒಬ್ಬರನ್ನು ಕೂರಿಸಬೇಕು. ಹಳೇ ಬ್ರೌಸರಿನಲ್ಲಿ ಆಸ್ಪತ್ರೆಯ ಪುಟ ಇನ್ನು ತೆರೆಯುವುದಿಲ್ಲವಾದ್ದರಿಂದ ಇಬ್ಬರೂ ಹೊಸದರಲ್ಲಿ ಒಂದು ವಾರ ಕೆಲಸ ಮಾಡಿ ತೋರಿಸಲಿ.

ಕಲಿಸುವ ಕುರ್ಚಿ ಎಂದಾದರೂ ಬಂದರೆ ಅದು ತನ್ನದೇ ಎಂದು ಫೋನಕ್ಕ ಹದಿನಾಲ್ಕು ವರ್ಷದಿಂದ ನಂಬಿಕೊಂಡಿದ್ದಳು. ಮನೆಯಲ್ಲಿ ಗಂಡ ದರ್ಜಿ, ಪ್ಯಾಂಟಿನ ಅಂಚು ಮಡಚುತ್ತ, "ನೀನಲ್ದೆ ಇನ್ಯಾರೇ ಕಲಿಸ್ತಾರೆ?" ಎಂದ.

"ಅವನಿದ್ದಾನಲ್ಲ, ಬಂದು ಮೂರು ತಿಂಗಳಾದ ಮಹಾರಾಯ!"

"ಅವರೂ ಪಾಪ, ಕಣ್ಣು ಕಳ್ಕೊಂಡವರು."

"ಕಳ್ಕೊಳ್ಳೋಕಾದ್ರೂ ಇತ್ತಲ್ಲ ರೀ ಅವನಿಗೆ," ಎಂದಳು. ದರ್ಜಿ ಮಿಷನ್ನು ನಿಲ್ಲಿಸಿದ. ಆಮೇಲೆ ಮತ್ತೆ ತುಳಿದ.

ಹೊಸ ಆವೃತ್ತಿ ಹಾಕಿದ ಶುಕ್ರವಾರ ಅವಳು ಊಟಕ್ಕೂ ಏಳದೆ ಹೊಸದಾಗಿ ಎಣಿಸಿದಳು. ಹನ್ನೊಂದು ಹೋಗಿ ಹದಿಮೂರಾಗಿತ್ತು. ಹನ್ನೆರಡಕ್ಕೆ 'ರದ್ದುಮಾಡು', ಹದಿಮೂರಕ್ಕೆ 'ಖಚಿತಪಡಿಸು'. ಶನಿವಾರ, ಭಾನುವಾರ ಮನೆಯ ಊಟದ ಮೇಜಿನ ಮೇಲೆ ಬೆರಳು ಕುಟ್ಟಿ ಕುಟ್ಟಿ ಹದಿಮೂರನ್ನು ಗಟ್ಟಿ ಮಾಡಿದಳು.

ಸೋಮವಾರ ಬೆಳಿಗ್ಗೆ ಅವಳು ಬ್ಯಾಗು ಇಡುತ್ತಿದ್ದ ಹಾಗೆಯೇ ಡ್ರೈವರು ತಿರುಗಿದ. "ಅಕ್ಕಾ, ಬ್ರೌಸರ್ ತಾನಾಗೇ ಮತ್ತೆ ಅಪ್‌ಡೇಟ್ ಆಗಿದೆ. ವಿಳಾಸದ ಪಟ್ಟಿ ಪಕ್ಕ ಒಂದು ಹೊಸ ಬಟನ್ನು..."

"ಗೊತ್ತು," ಎಂದಳು ಫೋನಕ್ಕ.

"ಅಲ್ಲ, ನೀವು ಎಣಿಸ್ತೀರಲ್ಲ, ಅದಕ್ಕೆ..."

"ನನಗೆ ಗೊತ್ತು ಅಂದ್ನಲ್ಲ! ನಿಮ್ಮ ಕೆಲಸ ನೀವು ನೋಡ್ಕೊಳ್ಳಿ ಡ್ರೈವರೇ."

ಅವಳಿಗೆ ಏನೂ ಗೊತ್ತಿರಲಿಲ್ಲ. ಅವನ ಬಾಯಿಂದ ತಿಳಿದುಕೊಳ್ಳುವುದಕ್ಕಿಂತ ತಿಳಿಯದೆ ಇರುವುದೇ ಮೇಲು ಅನ್ನಿಸಿತ್ತು, ಅಷ್ಟೆ.

ಮೊದಲ ಫೋನು ಒಬ್ಬ ಅಜ್ಜಿಯದು. ಮಂಡಿ ನೋವು, ಮಾತಿಗೊಮ್ಮೆ ಕೆಮ್ಮು. ಬುಧವಾರ ಸೊಸೆಗೆ ರಜೆ ಸಿಗುವುದಿಲ್ಲ, ಗುರುವಾರಕ್ಕೆ ಮಾಡಿಕೊಡಮ್ಮಾ ಎಂದಿತು ಅಜ್ಜಿ. ಹಿಂದೆ ಮೇಡಂ ನಿಂತಿದ್ದಾರೆಂದು ಅವರ ಚಪ್ಪಲಿಯ ಸದ್ದಿನಿಂದ ಫೋನಕ್ಕನಿಗೆ ಗೊತ್ತಾಗಿತ್ತು. ಗುರುವಾರ ಹತ್ತು ಗಂಟೆ ಆರಿಸಿದಳು. ವಿಳಾಸದ ಪಟ್ಟಿಗೆ ಹೋಗಿ ಹದಿಮೂರು ಸಲ ಟ್ಯಾಬ್. ಎಂಟರ್, ಎಂಟರ್. "ಗುರುವಾರ ಹತ್ತಕ್ಕೆ ಬನ್ನಿ ಅಜ್ಜಿ," ಎಂದಳು. ಇಡೀ ಕೆಲಸ ಅರ್ಧ ನಿಮಿಷ ಹಿಡಿದಿರಲಿಕ್ಕಿಲ್ಲ. ಮೇಡಂ "ಭೇಷ್" ಎಂದು ಹೊರಟುಹೋದರು.

ಆ ಮೇಲೆ ಬಂದ ಫೋನಿಗೆ ಎಂಟರ್ ಒತ್ತುವ ಮುಂಚೆ ಯಾಕೋ ಅವಳ ಬೆರಳು ನಿಂತಿತು. ಕಿವಿಯಲ್ಲಿ ಧ್ವನಿ ಹೇಳಿತು: ರದ್ದುಮಾಡು.

ಡ್ರೈವರು ಹೇಳಿದ ಹೊಸ ಬಟನ್ನು ಲೆಕ್ಕವನ್ನು ಒಂದು ಮುಂದೆ ತಳ್ಳಿತ್ತು. ಹದಿನಾಲ್ಕು ಒತ್ತಿ ಆ ಕೆಲಸ ಮುಗಿಸಿದಳು. ಅಜ್ಜಿಯದೂ ಹೀಗೇ ಆಗಿರಬಹುದೇ? ನೋಡಬೇಕಿತ್ತು. ನೋಡಿದರೆ ಸರಿಪಡಿಸಬೇಕಾಗುತ್ತದೆ, ಸರಿಪಡಿಸಲು ಅಜ್ಜಿಗೆ ಮತ್ತೆ ಫೋನು ಮಾಡಬೇಕಾಗುತ್ತದೆ, ಪಕ್ಕದ ಕುರ್ಚಿಯವನು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾನೆ. ಆಮೇಲೆ ನೋಡೋಣ, ಅವನು ಟೀಗೆ ಎದ್ದಾಗ, ಎಂದುಕೊಂಡಳು. ಅವನು ಟೀಗೆ ಎದ್ದಾಗ ಇವಳಿಗೆ ಫೋನು ಬಂತು. ಸಂಜೆಯ ಹೊತ್ತಿಗೆ, ಆಗಿರಲಿಕ್ಕಿಲ್ಲ ಬಿಡು ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಗುರುವಾರ ಅಜ್ಜಿ ಬಂತು. ಎರಡು ಬಸ್ಸು ಬದಲಿಸಿ, ಸೊಸೆಯ ಹೆಗಲು ಹಿಡಿದು ಬಂತು. ಕಂಪ್ಯೂಟರಿನಲ್ಲಿ ಅದರ ಹೆಸರಿನ ಮುಂದೆ 'ರದ್ದಾಗಿದೆ' ಎಂದಿತ್ತು, ಹತ್ತು ಗಂಟೆ ಇನ್ಯಾರದೋ ಪಾಲಾಗಿತ್ತು. ಸೊಸೆ ಆಸ್ಪತ್ರೆ ಕಿತ್ತುಹೋಗುವ ಹಾಗೆ ಕೂಗಾಡಿದಳು. ಮೇಡಂ ಫೋನಿನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು.

"ಫೋನ್ ವಿಭಾಗದಿಂದ ರದ್ದಾಗಿದೆ ಅಂತಷ್ಟೇ ಬರ್ತಿದೆ. ಫೋನಕ್ಕ ಗುರುವಾರ ಕೊಟ್ಟಿದ್ದನ್ನ ನಾನೇ ಕೇಳಿಸ್ಕೊಂಡಿದ್ದೆ. ಆಮೇಲೆ ಇಬ್ಬರಲ್ಲಿ ಯಾರು ರದ್ದು ಮಾಡಿದ್ದು?"

ಹೇಳಬೇಕು ಎಂದುಕೊಂಡಳು ಫೋನಕ್ಕ. ಹೇಳಿದರೆ ಕುರ್ಚಿ ಹೋಯಿತು, ಅದೂ ಇವನಿಗೆ.

"ನಾನೇ ಮೇಡಂ," ಎಂದ ಡ್ರೈವರು. "ಹೊಸಬ. ಕೈ ತಪ್ಪಿರ್ಬೇಕು."

ತಾನು ಮಾಡಿಲ್ಲವೆಂದು ಅವನಿಗೆ ಗೊತ್ತು. ಕೋಣೆಯಲ್ಲಿದ್ದವರು ಇಬ್ಬರೇ. ಹಾಗಾದರೆ ಮಾಡಿದವರು ಯಾರೆಂದೂ ಅವನಿಗೆ ಗೊತ್ತು. ಮೇಡಂ ಅವನನ್ನು ಚೆನ್ನಾಗಿ ಬೈದು ಹೋದರು. ಅವನು "ಆಯ್ತು ಮೇಡಂ" ಎಂದು ಎಚ್ ಕೀಲಿ ಒತ್ತಿದ.

ಅಜ್ಜಿ ನಾಲ್ಕು ಗಂಟೆಯವರೆಗೆ ಹೊರಗಿನ ಬೆಂಚಿನ ಮೇಲೆ ಕಾದಿತು. ಬಾಗಿಲು ತೆರೆದಾಗಲೆಲ್ಲ ಅದರ ಕೆಮ್ಮು ಒಳಗೆ ಬರುತ್ತಿತ್ತು. ಡ್ರೈವರು ನಡುವೆ ಎದ್ದು, ಗೋಡೆ ಸವರಿಕೊಂಡು ಹೋಗಿ, ಅದಕ್ಕೆ ಟೀ ಕೊಡಿಸಿ, ಮಾಡದ ತಪ್ಪಿಗೆ ಕ್ಷಮೆಯನ್ನೂ ಕೇಳಿ ಬಂದ. "ಇರ್ಲಿ ಬಿಡಪ್ಪ, ನಿಂಗೂ ಕಣ್ಣು ಕಾಣಲ್ಲ," ಎಂದ ಅಜ್ಜಿಯ ದನಿ ಫೋನಕ್ಕನಿಗೆ ಸ್ಪಷ್ಟವಾಗಿ ಕೇಳಿಸಿತು.

ಶುಕ್ರವಾರ ಆದೇಶ ಬಂತು: ಕಲಿಸುವವಳು ಫೋನಕ್ಕ.

ದರ್ಜಿಗೆ ಹಿಗ್ಗೋ ಹಿಗ್ಗು. ಅವಳು ಮಾತ್ರ ತಟ್ಟೆಯ ಮುಂದೆ ಕೈ ಕಟ್ಟಿ ಕೂತಳು. ನಡೆದದ್ದನ್ನೆಲ್ಲ ಹೇಳಿ, "ಬಣ್ಣ ನೋಡಿದ್ದೂ ಅವನೇ, ಚುರುಕೂ ಅವನದೇ," ಎಂದಳು. "ಈಗ ದೊಡ್ಡ ಮನಸ್ಸೂ ಅವನದೇ ಆಗ್ಬೇಕಾ ರೀ? ನಂಗೆ ಅಂತ ಏನಾದ್ರೂ ಉಳಿಸಿದ್ದಾನಾ?"

"ನಾಚಿಕೆ ಆಗ್ಬೇಕಾದ ಕಡೆ ನಿಂಗೆ ಹೊಟ್ಟೆಕಿಚ್ಚಾ?" ಎಂದ ದರ್ಜಿ.

"ಎರಡೂ," ಎಂದಳು.

ಸೋಮವಾರ ಆರು ಜನ ಸಾಲಾಗಿ ಕೂತಿದ್ದರು. ಮೇಡಂ ನಾಲ್ಕು ಮಾತಾಡಿ, "ನಮ್ಮ ಫೋನಕ್ಕ ಇಷ್ಟು ವರ್ಷದಲ್ಲಿ ಒಂದು ತಪ್ಪೂ ಮಾಡಿದವರಲ್ಲ," ಎಂದರು. ಪಕ್ಕದಲ್ಲಿ ಡ್ರೈವರು ಚಪ್ಪಾಳೆ ತಟ್ಟಿದ. ಸುಮ್ಮನೆ ತಟ್ಟಲಿಲ್ಲ, ಮನಸಾರೆ ತಟ್ಟಿದ. ಫೋನಕ್ಕನಿಗೆ ಇನ್ನು ತಡೆಯಲಾಗಲಿಲ್ಲ.

"ಎಣಿಸಬೇಡಿ," ಎಂದಳು. ಆರು ಜನರಿಗೂ ಅರ್ಥವಾಗಲಿಲ್ಲ. "ಟ್ಯಾಬ್ ಎಣಿಸಬೇಡಿ. ನಾನು ಹದಿಮೂರು ಅಂತ ಎಣಿಸಿ ಒಬ್ಬ ಅಜ್ಜಿಯ ಸಮಯ ರದ್ದು ಮಾಡ್ದೆ. ಗೊತ್ತಾದ ಮೇಲೂ ಬಾಯಿ ಮುಚ್ಕೊಂಡಿದ್ದೆ. ಮೇಡಂ, ಅದು ಡ್ರೈವರು ಮಾಡಿದ್ದಲ್ಲ, ನಾನು. ಅವರು ಹೋದ ಸೋಮವಾರಾನೇ ಎಚ್ಚರಿಸಿದ್ರು, ಗೊತ್ತು ಅಂತ ಬಾಯಿ ಮುಚ್ಚಿಸಿದ್ದೂ ನಾನೇ."

ಅವಳು ಎದ್ದು, ಕುರ್ಚಿಯನ್ನು ಡ್ರೈವರಿನ ಕಡೆ ತಳ್ಳಿ, ಸಾಲಿನ ಕೊನೆಯ ಖಾಲಿ ಜಾಗದಲ್ಲಿ ಹೋಗಿ ಕೂತಳು. ಮೇಡಂ ಹೊರಗೆ ನಡೆದರು.

ಡ್ರೈವರು ಕುರ್ಚಿಗೆ ಹೋಗದೆ ಸಾಲು ತಡವಿಕೊಂಡು ಅವಳ ಹತ್ತಿರ ಬಂದು ಬಗ್ಗಿದ. "ಯಾಕಕ್ಕಾ ಹೇಳಿದ್ರಿ? ನಾನು ಯಾರ ಹತ್ರಾನೂ ಬಾಯಿ ಬಿಡ್ತಿರ್ಲಿಲ್ಲ."

"ಅದೇ," ಎಂದಳು ಫೋನಕ್ಕ. "ನೀವು ಬಾಯಿ ಬಿಡಲ್ಲ ಅನ್ನೋದನ್ನೇ ನನಗೆ ಸಹಿಸೋಕಾಗ್ಲಿಲ್ಲ. ಹೋಗಿ, ಪಾಠ ಶುರು ಮಾಡಿ."