ಪಾರ್ಕಿನ ಬಾಗಿಲಿಗೆ ತಡಮೆ

ಆ ವರದಿ ಬರೆದವನು ನಾನು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯ ಒಂದು ಸಣ್ಣ ಪೇಟೆ ನಮ್ಮದು. ಎರಡು ಸಾವಿರನೇ ಇಸವಿಯ ಆಚೀಚೆ ನಾನು ಅಲ್ಲಿಂದ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ಪಂಚಾಯತಿನವರು ಬಸ್‌ಸ್ಟ್ಯಾಂಡಿನ ಹಿಂದೆ ಮಕ್ಕಳಿಗೊಂದು ಪಾರ್ಕು ಮಾಡಿದ್ದರು. ಎರಡು ಜೋಕಾಲಿ, ಒಂದು ಜಾರುಬಂಡೆ, ಗೋಳಿಮರದಡಿ ನಾಲ್ಕು ಸಿಮೆಂಟಿನ ಬೆಂಚು, ಸುತ್ತ ಗೋಡೆ.

ನನ್ನ ಅಕ್ಕನಿಗೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎರಡೂ ಕಾಲಿನ ಬಲ ಹೋಗಿತ್ತು. ಕೈಯಲ್ಲಿ ತಿರುಗಿಸುವ ಮೂರು ಚಕ್ರದ ಗಾಡಿಯಲ್ಲಿ ಬೀಡಿ ಬ್ರಾಂಚಿಗೆ ಹೋಗುತ್ತಿದ್ದಳು. ಕಟ್ಟಿದ ಬೀಡಿ ಕೊಟ್ಟು, ಎಲೆ ಮತ್ತು ಹೊಗೆಸೊಪ್ಪು ತೆಗೆದುಕೊಂಡು, ಮನೆಗೆ ಬರುವ ಮೊದಲು ಅರ್ಧ ಗಂಟೆ ಆ ಗೋಳಿಮರದಡಿ ಗಾಡಿ ನಿಲ್ಲಿಸುತ್ತಿದ್ದಳು. ಕೆಲಸವಿಲ್ಲದೆ, ಯಾರ ಸಹಾಯವೂ ಇಲ್ಲದೆ ಅವಳು ಹೋಗುತ್ತಿದ್ದ ಜಾಗ ಅದೊಂದೇ.

ಪಾರ್ಕಿನ ಗೇಟನ್ನು ಯಾರೂ ಮುಚ್ಚುತ್ತಿರಲಿಲ್ಲ. ದನಗಳು ನುಗ್ಗಿ ದಾಸವಾಳದ ಗಿಡಗಳನ್ನೆಲ್ಲ ತಿಂದವು. ಜಾರುಬಂಡೆಯ ಬುಡದಲ್ಲಿ ಸೆಗಣಿ. ನಾನು ಫೋಟೋ ಸಮೇತ ಬರೆದೆ. ಕೆಲವೇ ದಿನಗಳಲ್ಲಿ ಪಂಚಾಯತಿನವರು ಗೇಟು ಕಿತ್ತು ತಡಮೆ ಕಟ್ಟಿಸಿದರು. ನಮ್ಮ ಕಡೆ ತೋಟದ ಬೇಲಿಗೆ ಇರುವಂಥದ್ದೇ: ಎರಡು ಕಂಬಗಳ ನಡುವೆ ಮೊಣಕಾಲೆತ್ತರದ ಕಲ್ಲು. ಮನುಷ್ಯರು ಕಾಲೆತ್ತಿ ದಾಟುತ್ತಾರೆ, ದನ ದಾಟುವುದಿಲ್ಲ. ಊರಿಗೆಲ್ಲ ಅದು ಸರಿಯೆನಿಸಿತು. ನನಗೂ. 'ವರದಿಯ ಪರಿಣಾಮ' ಎಂದು ನಾಲ್ಕು ಸಾಲು ಕಳಿಸಿದೆ.

ಆ ಸಂಜೆ ಅಕ್ಕ ಬೇಗ ಬಂದಳು.

"ದನಕ್ಕೂ ನನಗೂ ಒಂದೇ ಕಾನೂನು ಮಾಡಿಸಿದ್ದೀಯಲ್ಲ ಮಾರಾಯ" ಎಂದಳು. "ನಿನ್ನ ಪೇಪರಿಗೆ ಇಷ್ಟು ಶಕ್ತಿ ಉಂಟು ಅಂತ ನನಗೆ ಗೊತ್ತೇ ಇರಲಿಲ್ಲ."

ಮರುದಿನ ಪಂಚಾಯತ್ ಅಧ್ಯಕ್ಷರನ್ನು ಕಂಡೆ. "ಕಲ್ಲು ತೆಗೆದರೆ ದನ ಬರ್ತದೆ. ದನ ಬಂದರೆ ನೀವು ಪುನಃ ಬರೀತೀರಿ. ನಾವು ಎಂತ ಮಾಡುವುದು ಹೇಳಿ?" ಎಂದರು.

"ಗೇಟೇ ಹಾಕಿ. ಒಂದು ಚಿಲಕ ಇಡಿ."

"ಮೊದಲೂ ಚಿಲಕ ಇತ್ತಲ್ಲ ಮಾರಾಯ್ರೆ. ಒಬ್ಬನಾದರೂ ಹಾಕಿದ್ದು ನೋಡಿದ್ದೀರಾ?"

ನೋಡಿರಲಿಲ್ಲ.

"ಅಕ್ಕನಿಗೆ ಬರಬೇಕಾದಾಗ ಹೇಳಿ ಕಳಿಸಿ. ನಮ್ಮವರು ಎತ್ತಿ ಒಳಗೆ ಬಿಡ್ತಾರೆ." ಮರ್ಯಾದೆಯಿಂದಲೇ ಹೇಳಿದರು.

ನಾನು ಇನ್ನೊಂದು ವರದಿ ಬರೆದೆ. ಪತ್ರಿಕೆಯ ಮಂಗಳೂರಿನ ಕಚೇರಿಯಿಂದ ಫೋನು ಬಂತು. "ಇದು ನಿಮ್ಮ ಅಕ್ಕನ ವಿಷಯ ಅಲ್ವಾ? ಸ್ವಂತ ಮನೆಯದ್ದು ಬೇಡ." ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಆಗಸ್ಟ್ ಹದಿನೈದಕ್ಕೆ ಧ್ವಜಾರೋಹಣ ಪಾರ್ಕಿನಲ್ಲೇ ಆಯಿತು. ಅಧ್ಯಕ್ಷರು ಮನೆಗೇ ಬಂದು ಕರೆದಿದ್ದರಿಂದ ಅಕ್ಕ ಹೊರಟಳು. ನಾಲ್ಕು ಜನ ಅವಳನ್ನು ಗಾಡಿ ಸಮೇತ ಎತ್ತಿ ಕಲ್ಲು ದಾಟಿಸಿದರು. ಅವಳು ಎರಡೂ ಕೈಯಲ್ಲಿ ಸೀಟಿನ ಅಂಚು ಹಿಡಿದಿದ್ದಳು. ಸೀರೆ ಮೊಣಕಾಲಿನವರೆಗೆ ಸರಿದಿತ್ತು. ಅದನ್ನು ಎಳೆದುಕೊಳ್ಳಲು ಕೈ ಬಿಡುವಂತಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಫೋಟೋ ತೆಗೆದರು.

ಭಾಷಣ ಮುಗಿಯಿತು, ಲಾಡು ಹಂಚಿದ್ದಾಯಿತು, ಎಲ್ಲರೂ ಹೋದರು. ನಾವಿಬ್ಬರು ಒಳಗೆ ಉಳಿದೆವು. ನಾನು ಗಾಡಿಯ ಮುಂದಿನ ಚಕ್ರವನ್ನು ಕಲ್ಲಿನ ಮೇಲಿಟ್ಟೆ. ಹಿಂದಿನವೆರಡು ಏಳಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದೆ.

"ಬಿಡು, ಬೆನ್ನು ಹಿಡಿದೀತು" ಎಂದಳು ಅಕ್ಕ.

ರಿಕ್ಷಾ ಸ್ಟ್ಯಾಂಡಿಗೆ ಹೋಗಿ ಇಬ್ಬರನ್ನು ಕರೆದು ತಂದೆ. ಅಷ್ಟು ಹೊತ್ತೂ ಅವಳು ಕಲ್ಲಿನ ಒಳಬದಿ, ರಸ್ತೆಗೆ ಮುಖ ಮಾಡಿ ಕೂತಿದ್ದಳು. ಹೊರಗೆ ಬಂದ ಮೇಲೆ ಸೀರೆ ಸರಿಮಾಡಿಕೊಂಡು, "ಇನ್ನು ಯಾರಿಗೂ ಹೇಳಿ ಕಳಿಸುವುದು ಬೇಡ, ಆಯ್ತಾ?" ಎಂದಳು. ಆಯ್ತು ಎಂದೆ.

ಅವಳನ್ನು ಎತ್ತಿ ದಾಟಿಸುವ ಫೋಟೋವನ್ನು ನಾನು ಪತ್ರಿಕೆಗೆ ಕಳಿಸಲಿಲ್ಲ. ಬೇರೆ ಪತ್ರಿಕೆಯಲ್ಲಿ ಬಂತು. ಅಕ್ಕ ಅಂದಿನಿಂದ ಬ್ರಾಂಚಿನಿಂದ ನೇರ ಮನೆಗೆ ಬರುತ್ತಿದ್ದಳು.