ಮಾತಾಡಿಸಲು ಬಂದವರ ಚಹಾ

ನಮ್ಮ ಕಡೆ ಯಾರಾದರೂ ಹಾಸಿಗೆ ಹಿಡಿದರೆ ಜನ ಮಾತಾಡಿಸಲು ಬರುತ್ತಾರೆ. ಬಿಸ್ಕಿಟ್ ಪುಡಾ, ಇಲ್ಲವೇ ನಾಲ್ಕು ಮೋಸಂಬಿ ತಂದು, ಮಂಚದ ಪಕ್ಕ ಕೂತು, ಹೇಗಿದ್ದೀರಿ ಎಂದು ರೋಗಿಯನ್ನು ಕೇಳಿ, ಚಹಾ ಕುಡಿದು ಹೋಗುತ್ತಾರೆ. ತಾರಿಹಾಳದ ಕಾರ್ಖಾನೆಯಲ್ಲಿ ಲೇಥ್ ನಡೆಸುತ್ತಿದ್ದ ನಮ್ಮ ಮನೆಯವರಿಗೆ ಲಕ್ವಾ ಹೊಡೆದು ಎಡಗೈ, ಎಡಗಾಲು ಬಿದ್ದುಹೋದ ಮೇಲೆ, ಹಳೇ ಹುಬ್ಬಳ್ಳಿಯ ನಮ್ಮ ಎರಡು ಖೋಲಿಯ ಮನೆಗೆ ಮೂರು ವರ್ಷ ಹೀಗೆ ಜನ ಬಂದರು. ಹೋಗುವಾಗ ನನಗೂ ಒಂದು ಮಾತು ಇರುತ್ತಿತ್ತು: ನೀವು ಗಟ್ಟಿ ಹೆಣ್ಣುಮಗಳು ಬಿಡ್ರಿ. ಗಟ್ಟಿ ಇರಲು ನಾನೇನು ಒರಳುಕಲ್ಲೇ ಎಂದು ಮೈ ಉರಿಯುತ್ತಿತ್ತು. ಆಮೇಲಾಮೇಲೆ ಉರಿಯುವುದೂ ನಿಂತಿತು.

ಅದು ಗೊತ್ತಾದದ್ದು ಒಂದು ಮುಂಜಾನೆ. ಹಂಚಿನ ಮೇಲೆ ರೊಟ್ಟಿ ಇತ್ತು. ಹೊರಗಿನ ಖೋಲಿಯಲ್ಲಿ ಧಪ್ಪೆಂದು ಸದ್ದಾಯಿತು. ಅವರು ಮಂಚದಿಂದ ಬಿದ್ದರೆಂದು ಆಗಲೇ ತಿಳಿಯಿತು. ನಾನು ರೊಟ್ಟಿ ಹೊರಳಿಸಿದೆ, ಬೇಯಿಸಿ ಬುಟ್ಟಿಗೆ ಹಾಕಿದೆ. ಇನ್ನೊಂದು ಬಡಿದೆ. ಅದನ್ನೂ ಬೇಯಿಸಿ, ಕೈ ತೊಳೆದು ಹೋದೆ. ಅವರು ಗೋಡೆಯ ಕಡೆ ಮುಖ ಮಾಡಿ ನೆಲದ ಮೇಲೆ ಸುಮ್ಮನೆ ಬಿದ್ದಿದ್ದರು. ಎತ್ತಿ ಮಲಗಿಸಿದೆ. ಹೆದರಿಕೆಯಿಲ್ಲ, ಮರುಕವಿಲ್ಲ, ಏನೂ ಇಲ್ಲ. ನಾಳೆ ಅವರಿಗೆ ನೀರು ನೆತ್ತಿಗೇರಿ ಉಸಿರು ಕಟ್ಟಿದರೂ ನಾನು ಹೀಗೇ ರೊಟ್ಟಿ ಬಡಿಯುತ್ತ ಕೂತಿರುತ್ತೇನೆ ಎನ್ನಿಸಿತು.

ಇದನ್ನು ಯಾರಿಗೆ ಹೇಳುವುದು? ಕಾಲೇಜಿಗೆ ಹೋಗುತ್ತಿದ್ದ ಅಣ್ಣನ ಮಗಳಿಗೆ, ನಿದ್ದೆ ಬರುತ್ತಿಲ್ಲ ಎಂದಷ್ಟೇ ಹೇಳಿದೆ. ಎರಡು ಸಾವಿರದ ಇಸವಿ ದಾಟಿ ಊರಲ್ಲೆಲ್ಲ ಸೈಬರ್ ಕೆಫೆಗಳು ಏಳುತ್ತಿದ್ದ ಕಾಲ. ಅವಳು ಗೋಕುಲ ರಸ್ತೆಯದೊಂದಕ್ಕೆ ಕರೆದೊಯ್ದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಪ್ಲೈವುಡ್ಡಿನ ಗೂಡಿನೊಳಗೆ ಇಬ್ಬರೂ ಇರುಕಿಕೊಂಡು ಕೂತೆವು. ಬೇರೆ ಊರಿನ ಮನಸ್ಸಿನ ಡಾಕ್ಟರೊಬ್ಬರು ಈ-ಮೇಲಿನಲ್ಲೇ ಸಲಹೆ ಕೊಡುತ್ತಾರಂತೆ, ಮೊದಲು ಫಾರ್ಮ್ ತುಂಬಬೇಕಂತೆ. ನಾನು ಹೇಳುತ್ತ ಹೋದೆ, ಅವಳು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಒತ್ತುತ್ತ ಹೋದಳು. ವಯಸ್ಸು ನಲವತ್ತಾರು. ತೊಂದರೆ ಲಕ್ವಾ. ಊಟ ಮೆತ್ತಗಿನ ಅನ್ನ, ಉಪ್ಪು ಕಡಿಮೆ. ಎಲ್ಲವೂ ಮನೆಯವರದೇ. ನಮ್ಮಿಬ್ಬರಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ವಾರದ ಮೇಲೆ ಉತ್ತರ ಬಂತು. ನಿಮ್ಮ ಯಜಮಾನರ ಬಗ್ಗೆ ಎಲ್ಲ ತಿಳಿಯಿತು, ನಿಮ್ಮ ಬಗ್ಗೆ ಒಂದು ಸಾಲೂ ಇಲ್ಲ, ನಿನ್ನೆ ನೀವು ಏನು ಊಟ ಮಾಡಿದಿರಿ ಎಂದು ಆ ಡಾಕ್ಟರಮ್ಮ ಕೇಳಿದ್ದರು. ನನ್ನ ಊಟದ ಪಂಚಾಯ್ತಿ ಈಕೆಗ್ಯಾಕೆ ಎಂದು ಸಿಡಿಮಿಡಿಗೊಂಡೆ. ಆದರೆ ಎಷ್ಟು ತಡಕಾಡಿದರೂ ಏನು ತಿಂದೆನೆಂದು ನೆನಪಾಗಲಿಲ್ಲ. ಮತ್ತೆ ಕೆಫೆಗೆ ಹೋಗಿ, ಅಣ್ಣನ ಮಗಳನ್ನು ಗೂಡಿನ ಹೊರಗೆ ಕೂಡಿಸಿ, ಒಂದೇ ಬೆರಳಿನಿಂದ ಅಕ್ಷರ ಹುಡುಕುತ್ತ ನಾನೇ ಬರೆದೆ: ಅವರು ಬಿದ್ದರು, ನಾನು ಎರಡು ರೊಟ್ಟಿ ಬೇಯಿಸಿ ಆಮೇಲೆ ಹೋದೆ. ಅಷ್ಟಕ್ಕೇ ಅರ್ಧ ತಾಸು ಹಿಡಿಯಿತು.

ದಣಿದು ದಣಿದು ಮನಸ್ಸು ಹೀಗೆ ಮರಗಟ್ಟುತ್ತದೆ, ನೀವು ಕೆಟ್ಟವರಲ್ಲ, ವಾರಕ್ಕೊಮ್ಮೆ ಬರೆಯುತ್ತಿರಿ ಎಂದು ಉತ್ತರ ಬಂತು. ಈ ಮಾತನ್ನು ಮನೆಯಲ್ಲಿ ಒಬ್ಬರಿಗಾದರೂ ಹೇಳಿ ಎಂದೂ ಇತ್ತು. ಮಕ್ಕಳಿಲ್ಲದ ನಮ್ಮ ಮನೆಯಲ್ಲಿ ಇದ್ದವರು ಅವರೊಬ್ಬರೇ.

ಭಾನುವಾರ ಅವರಿಗೆ ದಾಡಿ ಮಾಡುತ್ತ ಹೇಳಿಬಿಟ್ಟೆ. ಅವರು ಸೋಪು ಹಚ್ಚಿದ ಮುಖವನ್ನು ನನ್ನ ಕಡೆ ತಿರುಗಿಸಿದರು. ಆಮೇಲೆ ತೊದಲುತ್ತ, ಒಂದೊಂದೇ ಶಬ್ದ ಹೊರಬಂತು.

"ಗೊತ್ತೈತಿ. ರೊಟ್ಟಿ ವಾಸನಿ ಬರಾಕತ್ತಿತ್ತು. ಮುಗಿಸ್ಕೊಂಡೇ ಬರ್ಲಿ ಅಂತ ನಾನೂ ಕೂಗಲಿಲ್ಲ."

ಆಗಲೂ ನನಗೆ ಅಳು ಬರಲಿಲ್ಲ. ಉಳಿದ ಅರ್ಧ ದಾಡಿ ಮುಗಿಸಿದೆ.

ಅದೇ ಸಂಜೆ ಕಾರ್ಖಾನೆಯ ಗೆಳೆಯರೊಬ್ಬರು ಹೆಂಡತಿಯೊಡನೆ ಮಾತಾಡಿಸಲು ಬಂದರು. ಬಿಸ್ಕಿಟ್ ಪುಡಾ ಇಟ್ಟು, ಹೆಂಗದೀರಿ ಎಂದು ಇವರನ್ನು ಕೇಳಿದರು. ನಾನು ಚಹಾಕ್ಕೆಂದು ಎದ್ದೆ. ಇವರು ಬಲಗೈಯಿಂದ ನನ್ನ ಸೆರಗು ಹಿಡಿದರು.

"ನನ್ನ ಬಿಡ್ರಿ," ಎಂದರು ಬಂದವರಿಗೆ. "ಆಕೀನ್ನ ಕೇಳ್ರಿ."

ಗೆಳೆಯರು ಗಲಿಬಿಲಿಗೊಂಡು ಹೆಂಡತಿಯ ಮುಖ ನೋಡಿದರು. ಆಕೆ ನನ್ನ ಕಡೆ ತಿರುಗಿ, "ವೈನಿ, ನೀವು ಆರಾಮದೀರೇನ್ರಿ?" ಎಂದಳು.

ಹೂಂ ಎನ್ನಲೆಂದೇ ಬಾಯಿ ತೆರೆದಿದ್ದೆ. "ಇಲ್ರಿ," ಎಂದೆ.

ಹಾಗೇ ಮಂಚದ ಅಂಚಿಗೆ ಕೂತೆ. ಆ ದಿನ ಚಹಾ ಆಕೆಯೇ ಮಾಡಿದಳು. ಸಕ್ಕರೆ ಕಡಿಮೆ ಬಿದ್ದಿತ್ತು.