ಬಾನೆಟ್ಟಿಗೆ ಕಿಂಡಿ ಕೊಯ್ದ ಜಾಗ

ಮೊಮ್ಮಕ್ಕಳೇ, ಬಚ್ಚಲೊಲೆಯ ಪಕ್ಕದ ತೆಂಗಿನ ಚಿಪ್ಪಿನ ರಾಶಿಯ ಮೇಲೆ ಒಂದು ನೀಲಿ ತಗಡು ಮುಚ್ಚಿದೆಯಲ್ಲ, ಅದರಲ್ಲಿರುವ ಎರಡು ಕಿಂಡಿಗಳಿಂದ ಮಳೆನೀರು ಇಳಿದು ಚಿಪ್ಪು ನೆನೆದಾಗಲೆಲ್ಲ ನೀವು ‘ಅಪ್ಪ ಹಾಳು ಮಾಡಿದ ಬಾನೆಟ್ಟು’ ಎಂದು ನಗುತ್ತೀರಿ. ನಿಮ್ಮಪ್ಪನೂ ಹೂಂ ಎನ್ನುತ್ತಾನೆ. ನಾನು ಒಳಗೆ ರೊಟ್ಟಿ ತಟ್ಟುತ್ತಾ ಕೇಳಿಸಿಕೊಳ್ಳುತ್ತೇನೆ. ಎದುರಿಗೆ ನಿಂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಊರ ಸ್ಕೂಲಿನಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇದೆ. ಅದರಲ್ಲೇ ಬರೆದಿಡುತ್ತೇನೆ.

ನಿಮ್ಮ ತಾತನ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆರಡು ಸಲ ತುಮಕೂರಿಗೆ ಹೋಗಿ ಮೈಯ ರಕ್ತವನ್ನು ಮಿಷನ್ನಿಗೆ ಹಾಯಿಸಿ ಶುದ್ಧ ಮಾಡಿಸಿಕೊಂಡು ಬರಬೇಕಿತ್ತು. ಕಾಲು ಊದಿಕೊಂಡು ಬಸ್ಸು ಹತ್ತಲು ಆಗುತ್ತಿರಲಿಲ್ಲ. ಒಮ್ಮೆ ಊರವರೊಬ್ಬರ ಕಾರಿನಲ್ಲಿ ಬರುವಾಗ ಸೀಟಿನ ಮೇಲೆಯೇ ವಾಂತಿಯಾಯಿತು. ಅವರು ಒಂದು ಮಾತೂ ಆಡದೆ ಕೊಡದಲ್ಲಿ ನೀರು ತಂದು ತೊಳೆದರು. ಬೈದಿದ್ದರೆ ವಾಸಿಯಿತ್ತು. ಆಮೇಲೆ ತಾತ ಅವರ ಮನೆಯ ಮುಂದೆ ಹಾದುಹೋಗುವುದನ್ನೇ ಬಿಟ್ಟರು.

ನಮ್ಮದೇ ಒಂದು ಹಳೆಯ ಕಾರಿತ್ತು. ತಾತ ಯಾರಿಂದಲೋ ಕೊಂಡದ್ದು. ಉದ್ದ ಮೂತಿಯದು. ಅದನ್ನು ತಯಾರು ಮಾಡುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಹಿಂದಿನ ಸೀಟಿನಲ್ಲಿ ಕೌದಿ ಹಾಸಿ ತಾತನನ್ನು ಮಲಗಿಸಿ, ನಾನು ಕಾಲ ಬಳಿ ಬಕೆಟ್ಟು ಹಿಡಿದು ಕೂರುತ್ತಿದ್ದೆ. ತಾತ ಆಗಲೇ ಹೇಳಿಬಿಟ್ಟಿದ್ದರು: “ಈ ಗಾಡಿ ಹೋಗೋಗಂಟ ನಾನೂ ಹೋಗ್ತೀನಿ. ಇದು ನಿಂತ್ ದಿನ ನನ್ನ ಕೇಳ್ಬ್ಯಾಡಿ.”

ಗಾಡಿ ಬಿಸಿಯಾಗಲು ಶುರುವಾಯಿತು. ಅರ್ಧ ದಾರಿಗೇ ಇಂಜಿನ್ನಿನ ಕಾವು ತೋರಿಸುವ ಮುಳ್ಳು ಕೆಂಪಿಗೆ ಬರುತ್ತಿತ್ತು. ನಿಲ್ಲಿಸಿ, ಆರಿಸಿ, ನೀರು ಹಾಕಿ ಮತ್ತೆ ಹೊರಡಬೇಕು. ತುರುವೇಕೆರೆಯ ಗ್ಯಾರೇಜಿನವರು ಮೂರು ಸಲ ರೇಡಿಯೇಟರ್ ತೊಳೆದುಕೊಟ್ಟು, “ಇದ್ರ ಸಾಮಾನು ಈಗ ಬರಲ್ಲ ಕಣಪ್ಪ” ಎಂದರು. ಬಾನೆಟ್ಟಿಗೆ ಕಿಂಡಿ ಕೊಯ್ದು ಬಿಸಿಗಾಳಿ ಹೊರಗೆ ಬಿಡುವುದನ್ನು ನಿಮ್ಮಪ್ಪ ಫೋನಿನಲ್ಲಿ ನೋಡಿದ್ದ. ಕೊಯ್ದುಕೊಡಿ ಎಂದು ಕೇಳಿದರೆ ಅವರು ಕೈ ಮುಗಿದರು. “ಇದು ಅಲ್ಯೂಮಿನಿಯಂ. ನಾನ್ ಮುಟ್ಟಲ್ಲ. ಸೀಳ್ತು ಅಂದ್ರೆ ಇನ್ನೊಂದು ಎಲ್ಲಿಂದ ತರ್ಲಿ?”

ಅದಕ್ಕೇ ಮನೆಯಲ್ಲೇ ಕೊಯ್ಯುವುದೆಂದಾಯಿತು. ಒಂದು ಭಾನುವಾರ ಬೆಳಿಗ್ಗೆ ನಿಮ್ಮಪ್ಪ ಬೋಲ್ಟು ಬಿಚ್ಚಿದ. ಅವನೊಂದು ಕಡೆ, ನಾನೊಂದು ಕಡೆ ಹಿಡಿದು ಎತ್ತಿದೆವು. ತಗಡೆಂದರೆ ಭಾರ ಅಂದುಕೊಂಡಿದ್ದೆ. ದೊಡ್ಡ ಮೊರ ಎತ್ತಿದ ಹಾಗಿತ್ತು. ನಾರು ತುಂಬಿದ ಚೀಲಗಳನ್ನು ಅಂಗಳದಲ್ಲಿ ಹಾಸಿ ಅದರ ಮೇಲೆ ಮಲಗಿಸಿದೆವು. ತಾತ ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದರು.

ದಾರಿಯಲ್ಲಿ ಹೋಗುತ್ತಿದ್ದ ತಾತನ ಗೆಳೆಯರೊಬ್ಬರು ನಿಂತು ನೋಡಿದರು. “ಏನ್ಲಾ ಇದು, ಗಾಡಿಗೆ ಕಿವಿ ಚುಚ್ಚುಸ್ತಿದೀರಾ? ಹೆಣ್ಣೋ ಗಂಡೋ?”

“ಹೆಣ್ಣೇ ಕಣ್ಲಾ,” ಎಂದರು ತಾತ. “ಬೇಗ ಬಿಸಿಯಾಯ್ತದೆ.”

ತಾತ ನಕ್ಕದ್ದನ್ನು ಅವತ್ತು ಬಹಳ ದಿನಗಳ ಮೇಲೆ ನೋಡಿದೆ.

ಬಾನೆಟ್ಟಿನ ಅಡಿಯಲ್ಲಿ ಪಕ್ಕೆಲುಬಿನ ಹಾಗೆ ಪಟ್ಟಿಗಳಿದ್ದವು. ಅವನ್ನು ಕೊಯ್ಯುವಂತಿಲ್ಲ. ಬರೀ ತಗಡಿದ್ದದ್ದು ಎರಡು ಕಡೆ: ಮುಂದೆ ರೇಡಿಯೇಟರಿನ ಹಿಂಭಾಗಕ್ಕೆ ಬರುವ ಜಾಗ, ಮತ್ತೆ ಹಿಂದೆ, ಡ್ರೈವರಿನ ಎದುರಿನ ಗಾಜಿನ ಬುಡದ ಜಾಗ. ನಿಮ್ಮಪ್ಪ ಸೀಮೆಸುಣ್ಣ ಹಿಡಿದು ಆ ಕಡೆ ಈ ಕಡೆ ಓಡಾಡಿದ. “ಮುಂದೆ ಹಾಕ್ಲೋ, ಹಿಂದೆ ಹಾಕ್ಲೋ? ಫೋನಲ್ಲಿ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಅಪ್ಪಾಜಿ, ನೀವ್ ಹೇಳಿ.”

“ನಂಗೇನ್ ಗೊತ್ತಪ್ಪ,” ಎಂದರು ತಾತ.

ಆಗ ನಾನು ಮಾತಾಡಿದೆ. ಗಂಡಸರು ಏನಾದರೂ ತೀರ್ಮಾನ ಮಾಡುವಾಗ ನಾನು ನಡುವೆ ಬಾಯಿ ಹಾಕಿದವಳಲ್ಲ. ಆದರೆ ಬಿಸಿಗಾಳಿಯ ವಿಷಯ ನನಗೆ ಗೊತ್ತು ಎಂದುಕೊಂಡೆ. ಮದುವೆಯಾಗಿ ಬಂದಾಗಿನಿಂದ ಕೊಬ್ಬರಿ ಅಟ್ಟ ನನ್ನ ಕೈಯಲ್ಲಿತ್ತು. ಸಿಪ್ಪೆ ಸಮೇತ ಕಾಯಿಯನ್ನು ಅಟ್ಟಕ್ಕೆ ಏರಿಸಿದರೆ ಹತ್ತು ಹನ್ನೊಂದು ತಿಂಗಳು ಅಲ್ಲೇ ಇದ್ದು, ನೀರೆಲ್ಲ ಇಂಗಿ ಒಳಗೆ ಒಣಗಿದ ಕೊಬ್ಬರಿಯ ಗಿಟುಕು ಗುಂಡಗೆ ಅಲ್ಲಾಡಬೇಕು. ಕೆಳಗಿನ ಒಲೆಯ ಕಾವು ಅಟ್ಟಕ್ಕೆ ಹಾಸಿದ ಅಡಿಕೆ ದಬ್ಬೆಗಳ ಸಂದಿನಿಂದ ಏರಿ ಕಾಯಿಗಳ ನಡುವೆ ಹಾದು ಮೇಲಿನ ಕಿಂಡಿಯಿಂದ ಹೋಗಬೇಕು. ಕಿಂಡಿ ತಗ್ಗಿನಲ್ಲಿದ್ದರೆ ಕಾವು ನಿಂತು ಕಾಯಿ ಕೊಳೆಯುತ್ತದೆ. ನಮ್ಮ ಅಟ್ಟದ ಕಾಯಿ ಕೊಳೆತದ್ದು ಕಡಿಮೆ.

“ಹಿಂದುಗಡೆನೇ ಎತ್ತರ ಐತಲ್ಲಪ್ಪ,” ಎಂದೆ. “ಕಾವು ಮೇಲಕ್ಕೇ ತಾನೇ ಹೋಗೋದು? ಅಟ್ಟದ ಕಿಂಡಿ ತಗ್ಗಲ್ಲಿ ಮಡಗ್ತಾರಾ?”

ಇಬ್ಬರೂ ನನ್ನ ಮುಖ ನೋಡಿದರು. ತಾತ, “ಸರಿ ಕಣ್ಲಾ, ನಿಮ್ಮವ್ವ ಹೇಳೋದ್ರಲ್ಲಿ ಅರ್ಥ ಐತೆ,” ಎಂದರು. ನನಗೆ ಆದ ಸಂತೋಷವನ್ನು ಮುಚ್ಚಿಕೊಳ್ಳಲು ಸೆರಗು ಸರಿಮಾಡಿಕೊಂಡು ಒಳಗೆ ಹೋದೆ.

ನಿಮ್ಮಪ್ಪ ಗಾಜಿನ ಬುಡದ ಕಡೆ ಕಾಗದದ ಟೇಪು ಅಂಟಿಸಿ, ಗೆರೆ ಎಳೆದು, ಮೂಲೆಗಳಲ್ಲಿ ಡ್ರಿಲ್ಲಿನಿಂದ ತೂತು ಕೊರೆದ. ಆಮೇಲೆ ಸಣ್ಣ ಹಲ್ಲಿನ ಮಿಷನ್ ಗರಗಸ ಇಳಿಸಿದ. ಅಲ್ಯೂಮಿನಿಯಂ ಕರಗಿದ ಬೆಲ್ಲದ ಹಾಗೆ ಗರಗಸದ ಹಲ್ಲಿಗೆ ಮೆತ್ತಿಕೊಂಡಿತು. ನಾನು ತೆಂಗಿನೆಣ್ಣೆ ತಂದು ಹನಿಹನಿಯಾಗಿ ಬಿಟ್ಟೆ. ಆಮೇಲೆ ಸಲೀಸಾಗಿ ಹರಿಯಿತು. ಅಂಗಳವೆಲ್ಲ ಒಗ್ಗರಣೆಯ ವಾಸನೆ. ಅಂಚನ್ನು ಅರದಿಂದ ಉಜ್ಜಿದ. ತರಿಸಿದ್ದ ಕಪ್ಪು ಜಾಲರಿಗಳನ್ನು ಇಟ್ಟು, ಸುತ್ತ ಅಂಟು ಬಳಿದು, ರಿವೆಟ್ ಹೊಡೆದ. ಕೆಲಸದಲ್ಲಿ ಒಂದು ಕೊಂಕಿಲ್ಲ. ಈಗಲೂ ಬೇಕಾದರೆ ಬೆರಳಾಡಿಸಿ ನೋಡಿ, ಅಂಚು ಎಲ್ಲೂ ಕೈಗೆ ತಾಗುವುದಿಲ್ಲ.

ಬಾನೆಟ್ಟು ಕೂರಿಸಿ ಇಂಜಿನ್ ಚಾಲು ಮಾಡಿ, ನಾನು ಕಿಂಡಿಯ ಹತ್ತಿರ ಊದುಬತ್ತಿ ಹಿಡಿದೆ. ಹೊಗೆ ನೆಟ್ಟಗೆ ಮೇಲೆ ಹೋಯಿತು. ಅಂಗೈ ಇಟ್ಟರೆ ಕಾವು ಹೊಡೆಯುತ್ತಿತ್ತು. ಮುಳ್ಳು ನಡುವೆಯೇ ನಿಂತಿತ್ತು. ತಾತ ಜಗಲಿಯಿಂದಲೇ, “ಗೆದ್ಬುಟ್ಟೆ ಕಣೇ,” ಎಂದರು.

ಸೋಮವಾರ ತುಮಕೂರಿಗೆ ಹೊರಟೆವು. ದಂಡಿನಶಿವರದ ಕಡೆಯ ಹಳ್ಳದಿಣ್ಣೆಯ ರಸ್ತೆಯಲ್ಲಿ ನಿಧಾನ ಹೋಗುವವರೆಗೆ ಏನೂ ತೊಂದರೆಯಿರಲಿಲ್ಲ. ಅಮ್ಮಸಂದ್ರ ದಾಟಿ ಒಳ್ಳೆಯ ರಸ್ತೆ ಸಿಕ್ಕಿ ನಿಮ್ಮಪ್ಪ ಜೋರು ಮಾಡಿದ. ಮುಳ್ಳು ಏರತೊಡಗಿತು. ಮುಂಚೆ ಏರುತ್ತಿದ್ದುದಕ್ಕಿಂತ ಬೇಗ ಏರಿತು. ಇದ್ದಕ್ಕಿದ್ದಂತೆ ಬುಸ್ಸೆಂದು ಹಬೆ ಎದ್ದು ಎದುರಿನ ಗಾಜೆಲ್ಲ ಬೆಳ್ಳಗಾಯಿತು. ಗಾಡಿ ನಿಂತಿತು. ಮತ್ತೆ ಚಾಲು ಆಗಲಿಲ್ಲ.

ನಿಮ್ಮಪ್ಪ ಗ್ಯಾರೇಜಿನವರಿಗೆ ಫೋನು ಹಚ್ಚಿದ. ಅವರ ಗಟ್ಟಿ ದನಿ ನನಗೂ ಕೇಳುತ್ತಿತ್ತು.

“ಗಾಜಿನ ಬುಡಕ್ಕೆ ಯಾಕ್ ಕೊಯ್ದೆ ಮಾರಾಯ? ಓಡೋವಾಗ ಗಾಳಿ ಗಾಜಿಗೆ ಹೊಡ್ದು ಅಲ್ಲೇ ಒತ್ಕೊಂಡು ನಿಂತಿರ್ತದೆ. ಬಿಸಿ ಹೊರಗೋಗಲ್ಲ, ಹೊರಗಿನ ಗಾಳಿನೇ ಒಳಕ್ಕೆ ನುಗ್ತದೆ. ಮುಂದೆ ಕೊಯ್ಬೇಕಿತ್ತು. ಯಾರ್ ಹೇಳಿದ್ದು ನಿಂಗೆ?”

ನಿಮ್ಮಪ್ಪ ನನ್ನ ಕಡೆ ತಿರುಗಲಿಲ್ಲ. “ಯಾರೂ ಇಲ್ಲ ಕಣಣ್ಣ, ನಾನೇ,” ಎಂದ.

ಆಗ ನನಗೆ ಅಟ್ಟದ ಕಿಂಡಿಯ ಬಗ್ಗೆ ನನ್ನ ಅತ್ತೆ ಹೇಳಿಕೊಟ್ಟ ಮಾತು ಪೂರ್ತಿ ನೆನಪಾಯಿತು. ಕಿಂಡಿ ಎತ್ತರದಲ್ಲಿರಬೇಕು, ಗಾಳಿಗೆ ಬೆನ್ನು ಹಾಕಿರಬೇಕು. ಗಾಳಿಗೆ ಮುಖ ಕೊಟ್ಟ ಕಿಂಡಿಯಿಂದ ಕಾವು ಹೊರಗೆ ಹೋಗುವುದಿಲ್ಲ. ಅದು ನನಗೆ ಗೊತ್ತಿಲ್ಲದ ಮಾತಲ್ಲ. ಮನೆ ನಿಂತಿರುತ್ತದೆ, ಗಾಳಿ ಎತ್ತಲಿಂದ ಬರುತ್ತದೆಂದು ನೋಡಬಹುದು. ಗಾಡಿ ತಾನೇ ಓಡಿ ಗಾಳಿಯನ್ನು ಎದುರು ಹಾಕಿಕೊಳ್ಳುತ್ತದೆ ಎನ್ನುವುದು ನನಗೆ ಹೊಳೆಯಲಿಲ್ಲ. ನಿಂತ ಗಾಡಿಗೆ ಊದುಬತ್ತಿ ಹಿಡಿದು ನೋಡಿದೆ.

ರಸ್ತೆಯ ಬದಿ ಹೊಂಗೆ ಮರದ ಕೆಳಗೆ ಕೌದಿ ಹಾಸಿ ತಾತನನ್ನು ಮಲಗಿಸಿದೆವು. ನಿಮ್ಮಪ್ಪ ಹೋಗುತ್ತಿದ್ದ ಕಾರುಗಳಿಗೆ ಕೈ ಅಡ್ಡ ಹಾಕಿದ. ಒಬ್ಬರು ನಿಲ್ಲಿಸಿ ಹಿಂದಿನ ಬಾಗಿಲನ್ನೂ ತೆಗೆದರು. ತಾತ ಒಳಗಿನ ಬಿಳಿ ಸೀಟನ್ನು ನೋಡಿ ತಲೆಯಾಡಿಸಿದರು.

“ಅಪ್ಪಾಜಿ, ಇದೊಂದ್ಸಲ ಹತ್ತಿ. ನಿಮ್ಮ ಕಾಲಿಗೆ ಬೀಳ್ತೀನಿ.”

“ಬುಡು. ಗಾಡಿ ನಿಂತ್ ದಿನ ಕೇಳ್ಬ್ಯಾಡಿ ಅಂದಿದ್ನಲ್ಲ.”

ನಿಮ್ಮಪ್ಪ ನನ್ನ ಕಡೆ ನೋಡಿದ. ನಾನು ಹತ್ತಿ ಎಂದಿದ್ದರೆ ತಾತ ಹತ್ತುತ್ತಿದ್ದರೋ ಏನೋ. ಹಿಂದಿನ ದಿನವಷ್ಟೇ ನನ್ನ ಮಾತಿನಲ್ಲಿ ಅರ್ಥವಿದೆ ಎಂದಿದ್ದರು. ಆದರೆ ಒಂದು ಸಲ ಬಾಯಿ ಬಿಟ್ಟು ಆದದ್ದು ಕಣ್ಣೆದುರಿಗೇ ಹಬೆಯಾಡುತ್ತಿತ್ತು. ಬಕೆಟ್ಟು ಹಿಡಿದುಕೊಂಡು ನೆಲ ನೋಡುತ್ತಾ ನಿಂತಿದ್ದೆ. ಆ ಕಾರಿನವರು ಬಾಗಿಲು ಹಾಕಿಕೊಂಡು ಹೋದರು.

ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿಸಿ, ತಾತನನ್ನು ಅದರಲ್ಲೇ ಮಲಗಿಸಿಕೊಂಡು ಮನೆಗೆ ಬಂದೆವು. ಬಾನೆಟ್ಟಿನ ಮುಂದುಗಡೆ ಕಿಂಡಿ ಕೊಯ್ದು ಮತ್ತೆ ನೋಡುತ್ತೇನೆ ಎಂದು ನಿಮ್ಮಪ್ಪ ಹೇಳಿದಾಗ, “ಇರೋ ತೂತು ಸಾಕು ಬುಡ್ಲಾ,” ಎಂದರು ತಾತ. ಇಂಜಿನ್ನೇ ಸುಟ್ಟಿತ್ತು. ಆಸ್ಪತ್ರೆಯಿಂದ ಬಂದ ಫೋನಿಗೂ ಬರುವುದಿಲ್ಲ ಎಂದರು. ನಿಮ್ಮಪ್ಪ ಮೂರು ದಿನ ಜಗಲಿಯ ಮೇಲೆ ಕೂತು ಬೇಡಿಕೊಂಡ. ನಾನು ಕಾಲು ಒತ್ತಿದೆ, ಗಂಜಿ ಕುಡಿಸಿದೆ, ‘ಬನ್ನಿ’ ಎಂಬ ಒಂದು ಮಾತು ಅನ್ನಲಿಲ್ಲ. ಹದಿಮೂರನೆಯ ದಿನ ಬೆಳಿಗ್ಗೆ ತಾತ ಹೋದರು.

ಗಾಡಿಯನ್ನು ಗುಜರಿಯವರು ಎಳೆದುಕೊಂಡು ಹೋದಾಗ ನಿಮ್ಮಪ್ಪ ಬಾನೆಟ್ಟನ್ನು ಬಿಚ್ಚಿ ಇಟ್ಟುಕೊಂಡ. ಯಾಕೆಂದು ನಾನು ಕೇಳಲಿಲ್ಲ. ಸಾವಿಗೆ ಬಂದವರೆಲ್ಲ ಕೇಳಿದ್ದಕ್ಕೂ ಅವನದು ಅದೇ ಉತ್ತರ: ‘ಜಾಗ ತಪ್ಪಿ ಕೊಯ್ದೆ, ನಾನೇ.’ ನಾನು ಪಕ್ಕದಲ್ಲೇ ಕೂತಿದ್ದೆ, ಅಲ್ಲ ಎನ್ನಲಿಲ್ಲ. ಈಗ ನಿಮಗೂ ಹಾಗೇ ಹೇಳುತ್ತಾನೆ.

ಕೊಯ್ದದ್ದು ಅವನು. ಜಾಗ ತೋರಿಸಿದವಳು ನಾನು. ಇದನ್ನು ಓದಿದ ಮೇಲೆ ನಗುವುದಿದ್ದರೆ ನನ್ನನ್ನು ನೋಡಿ ನಗಿ. ಮಳೆ ಬರುವ ಹಾಗಿದ್ದರೆ ಚಿಪ್ಪಿನ ಮೇಲೆ ಒಂದು ಗೋಣಿ ಹಾಕಿ. ಆ ಕಿಂಡಿ ಮುಚ್ಚಲು ಅವನಿಗೆ ಹೇಳಬೇಡಿ.